ಸೀಟಿಗಿಂತ ಮುಂಚಿನ ಬುಸ್ ಸದ್ದು

ಕುಕ್ಕರ್ ಸಿಡಿದದ್ದನ್ನು ಕಣ್ಣಾರೆ ಕಂಡವರು ಸೀಟಿಗೆ ಹೆದರುತ್ತಾರೆ ಎಂದುಕೊಂಡೇ ನಾವು ಶುರು ಮಾಡಿದ್ದೆವು. ದಾವಣಗೆರೆಯಲ್ಲಿ ಕಾಲೇಜು ಹುಡುಗರಿಗೆ ಮೆಸ್ ನಡೆಸುವ ಒಬ್ಬ ಹೆಣ್ಣುಮಗಳ ಜೊತೆ ಹನ್ನೊಂದು ವಾರ ನಡೆದ, ಸದ್ದಿನ ಅಂಜಿಕೆ ಬಿಡಿಸುವ ಚಿಕಿತ್ಸೆಯ ಕೆಲಸದ ವಿವರ ಇದು. ಊರೊಂದು ಬಿಟ್ಟು ಅವರ ಉಳಿದ ಗುರುತುಗಳನ್ನು ಬದಲಿಸಿದ್ದೇವೆ. ಮೊದಲ ದಿನ ಸೀಟಿಯ ರೆಕಾರ್ಡಿಂಗ್ ಹಾಕಿದರೆ ಅವರು ಆರಾಮಾಗಿ ಕೂತೇ ಇದ್ದರು.

"ಇದಕ್ಕೆ ಅಂಜಿಕಿ ಇಲ್ರಿ ಮೇಡಂ. ಸೀಟಿ ಆತು ಅಂದ್ರ ಕುಕ್ಕರ್ ಸರಿ ಐತಿ ಅಂತ ಅಲ್ರಿ? ಅದಕ್ಕೂ ಮುಂಚೆ ಬುಸ್ ಅಂತತಲ್ಲ, ಆವಾಗ ಜೀವ ಬಾಯಿಗೆ ಬರ್ತತಿ."

ಘಟನೆಯನ್ನು ಬಿಡಿಸಿ ಕೇಳಿದಾಗ ಲೆಕ್ಕ ಸರಿಹೋಯಿತು. ಹನ್ನೆರಡು ಲೀಟರಿನ ಕುಕ್ಕರಿಗೆ ಮುಕ್ಕಾಲು ತುಂಬ ತೊಗರಿಬೇಳೆ ಹಾಕಿದ್ದರು. ನೊರೆಯ ಜೊತೆ ಮೇಲೇರಿದ ಸಿಪ್ಪೆ ಆವಿ ಹೋಗುವ ಕೊಳವೆಯಲ್ಲಿ ಸಿಕ್ಕಿಕೊಂಡಿತು. ಒತ್ತಡ ಹೆಚ್ಚಿದರೂ ವಿಷಲ್ ಮೇಲೇಳಲಿಲ್ಲ. ಸೇಫ್ಟಿ ವಾಲ್ವ್ ಕರಗಿ ಬಿಟ್ಟುಕೊಡಬೇಕಿತ್ತು. ಅದು ಯಾವುದೋ ಕಾಲದ್ದು, ಆ ಕುಕ್ಕರಿನದೂ ಅಲ್ಲ. ಮುಚ್ಚಳದ ಅಂಚಿನಿಂದ ಒಂದು ನಿಮಿಷದಷ್ಟು ಹೊತ್ತು ಬುಸ್ ಎಂದು ಆವಿ ನುಗ್ಗಿತು, ಸೀಟಿ ಬರಲೇ ಇಲ್ಲ, ಆಮೇಲೆ ಮುಚ್ಚಳ ಹಾರಿತು. ಮುಂಗೈಯ ಸುಟ್ಟಗಾಯ ಮಾಗಿ ಏಳು ತಿಂಗಳಾಗಿತ್ತು. ಆದರೆ ಬುಸ್ ಎನ್ನುವ ಯಾವ ಸದ್ದಿಗೂ ಮೈ ಬೆವರುವುದು ನಿಂತಿರಲಿಲ್ಲ.

ಮಿದುಳಿನ ಮಟ್ಟಿಗೆ ದೊಡ್ಡ ಸ್ಫೋಟದ ಸದ್ದು ಪೆಟ್ಟು; ಅದಕ್ಕೆ ಹೆದರಲು ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದದ್ದು ಪೆಟ್ಟಿಗೆ ಮುಂಚೆ ಬಂದ ಸೂಚನೆಯನ್ನು. 1920ರಲ್ಲಿ ಮನೋವಿಜ್ಞಾನಿಗಳಾದ ವಾಟ್ಸನ್ ಮತ್ತು ರೇನರ್ ಒಂದು ಕೂಸಿಗೆ ಬಿಳಿ ಇಲಿ ತೋರಿಸಿ, ಬೆನ್ನ ಹಿಂದೆ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಹೊಡೆದು, ಆ ಇಲಿಗೆ ಹೆದರುವಂತೆ ಮಾಡಿದ ಪ್ರಯೋಗವನ್ನು (ಇವತ್ತಿನ ಯಾವ ನೀತಿ ಸಮಿತಿಯೂ ಅದಕ್ಕೆ ಒಪ್ಪುವುದಿಲ್ಲ) ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿ ಸದ್ದು ಪೆಟ್ಟಿನ ಜಾಗದಲ್ಲಿತ್ತು. ನಮ್ಮ ಕೇಸಿನಲ್ಲಿ ಸದ್ದೇ ಸೂಚನೆ. ಈ ವ್ಯತ್ಯಾಸ ಹಿಡಿಯದೆ ನಾವು ಮೊದಲ ದಿನ ಹಾಳುಮಾಡಿಕೊಂಡೆವು.

ಕಿವಿಗೆ ಬಿದ್ದ ಸದ್ದು ಮಿದುಳುಕಾಂಡವನ್ನು ಹಾದು, ಮಿದುಳಿನ ನಡುವೆ ಸುದ್ದಿ ಹಂಚುವ ಥಲಾಮಸ್‌ನ ಒಂದು ಗಂಟಿಗೆ ಬರುತ್ತದೆ. ಅಲ್ಲಿಂದ ಎರಡು ದಾರಿ. ಒಂದು ಸುತ್ತುದಾರಿ: ಶ್ರವಣ ಕಾರ್ಟೆಕ್ಸಿಗೆ (ಸದ್ದು ಬಿಡಿಸುವ ಮಿದುಳಿನ ಹೊರಪದರ) ಹೋಗಿ, ಇದು ಯಾವ ಸದ್ದು ಎಂದು ಬಿಡಿಸಿಕೊಂಡು, ಆಮೇಲೆ ಅಪಾಯಕ್ಕೆ ಅಂಜಿಕೆ ಹುಟ್ಟಿಸುವ ಅಮಿಗ್ಡಲಕ್ಕೆ. ಇನ್ನೊಂದು ಒಳದಾರಿ: ಥಲಾಮಸ್‌ನಿಂದ ನೇರವಾಗಿ ಅಮಿಗ್ಡಲದ ಪಾರ್ಶ್ವ ಭಾಗಕ್ಕೆ. 1980ರ ದಶಕದಲ್ಲಿ ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳ ಶ್ರವಣ ಕಾರ್ಟೆಕ್ಸನ್ನೇ ಕೆಡಿಸಿ ನೋಡಿದರು. ಆಗಲೂ ಇಲಿಗಳು ಸದ್ದಿಗೆ ಹೆದರಲು ಕಲಿತವು. ಥಲಾಮಸ್‌ನ ಗಂಟು ಕೆಟ್ಟಾಗ ಕಲಿಯಲಿಲ್ಲ. ಒಳದಾರಿಯ ಸುದ್ದಿ ಇಲಿಯ ಅಮಿಗ್ಡಲಕ್ಕೆ ಮುಟ್ಟಲು 12ರಿಂದ 15 ಮಿಲಿಸೆಕೆಂಡು ಸಾಕು. ಸುದ್ದಿ ಒರಟಾಗಿರುತ್ತದೆ, ಆದರೆ ಬೇಗ ಬರುತ್ತದೆ. ಆ ಪಾರ್ಶ್ವ ಭಾಗದ ನರಕೋಶಗಳಿಗೆ ನೋವಿನ ಸುದ್ದಿಯೂ ಬಂದು ಸೇರುತ್ತದೆ. ಸದ್ದು ಬರುತ್ತಿರುವಾಗಲೇ ನೋವೂ ಬಂದು ಕೋಶವನ್ನು ಬಲವಾಗಿ ಕೆರಳಿಸಿದರೆ ಅಲ್ಲಿನ ಎನ್‌ಎಂಡಿಎ ಗ್ರಾಹಕಗಳು (ಕೋಶದ ಪೊರೆಯಲ್ಲಿನ ಪುಟ್ಟ ಬಾಗಿಲುಗಳು) ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸದ್ದನ್ನು ತಂದ ಸಿನಾಪ್ಸ್ (ಎರಡು ನರಕೋಶಗಳ ನಡುವಿನ ಕೊಂಡಿ) ಗಟ್ಟಿಯಾಗುತ್ತದೆ. ಮುಂದೆ ಅದೇ ಸದ್ದು ಒಂಟಿಯಾಗಿ ಬಂದರೂ ಕೋಶ ಕೆರಳುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಮರಗಟ್ಟುತ್ತವೆ. ಪೆಟ್ಟು ದೊಡ್ಡದಿದ್ದರೆ ಇದಕ್ಕೆ ಒಂದೇ ಸಲ ಸಾಕು.

ಅವರ ಅಂಜಿಕೆ ಕುಕ್ಕರಿಗೆ ನಿಂತಿರಲಿಲ್ಲ. ಬಸ್ಸಿನ ಏರ್ ಬ್ರೇಕು, ಇಸ್ತ್ರಿ ಪೆಟ್ಟಿಗೆಯ ಆವಿ, ಬೆಣ್ಣೆದೋಸೆ ಅಂಗಡಿಯಲ್ಲಿ ಕಾದ ಕಲ್ಲಿಗೆ ನೀರು ಚಿಮುಕಿಸಿದಾಗ ಏಳುವ ಚುಂಯ್, ಎಲ್ಲಕ್ಕೂ ಹಬ್ಬಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಪ್ರಿಯ ಘೋಷ್ ಮತ್ತು ಸುಮಂತ್ರ ಚಟರ್ಜಿ 2015ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಲಿಗಳಿಗೆ ಎರಡು ಬೇರೆ ಬೇರೆ ಸ್ವರ ಕೇಳಿಸಿ, ಒಂದರ ಜೊತೆ ಮಾತ್ರ ಶಾಕ್ ಕೊಟ್ಟರು. ಶಾಕ್ ಸಣ್ಣದಿದ್ದಾಗ ಇಲಿ ಆ ಒಂದು ಸ್ವರಕ್ಕೆ ಹೆದರಿತು. ಜೋರಾಗಿದ್ದಾಗ ಶಾಕ್ ಕೊಡದ ಸ್ವರಕ್ಕೂ ಹೆದರಿತು. ಪಾರ್ಶ್ವ ಅಮಿಗ್ಡಲದ ಹಲವು ಕೋಶಗಳಲ್ಲೂ ಅದೇ ಬದಲಾವಣೆ ಕಂಡಿತು. ಪೆಟ್ಟು ಹೆಚ್ಚಾದಷ್ಟೂ ಮಿದುಳು ಸದ್ದುಗಳನ್ನು ಸೋಸುವುದನ್ನು ಬಿಡುತ್ತದೆ. "ದೋಸೆ ಕಲ್ಲಿಗೂ ಹೆದರ್ತಾಳೆ ನೋಡ್ರಿ" ಎಂದು ಮನೆಯವರು ನಕ್ಕರೆ ಈ ಪ್ರಯೋಗ ಹೇಳಬೇಕು.

ಕೆಲಸದ ಮೊದಲ ಹೆಜ್ಜೆ ಕಿವಿ ಪರೀಕ್ಷೆ. ಸ್ಫೋಟದ ಬಳಿ ನಿಂತವರ ಕಿವಿತಮಟೆ ಹರಿದಿರಬಹುದು, ಕಿವಿಯೊಳಗೆ ಗುಂಯ್ ಎನ್ನುತ್ತಿರಬಹುದು. 250ರಿಂದ 8000 ಹರ್ಟ್ಸ್‌ವರೆಗೆ ಕೇಳುವಿಕೆ ನೋಡಿ, ನಂತರ ಎಷ್ಟು ಜೋರಾದರೆ ತಡೆಯಲಾಗುವುದಿಲ್ಲ ಎಂಬ ಮಟ್ಟವನ್ನೂ ಅಳೆಯಬೇಕು. ಸಾಮಾನ್ಯವಾಗಿ ಅದು 100 ಡೆಸಿಬಲ್ ಆಸುಪಾಸು. ಅದಕ್ಕಿಂತ ಬಹಳ ಕೆಳಗೇ ಎಲ್ಲ ಸದ್ದೂ ನೋಯಿಸುತ್ತಿದ್ದರೆ ಅದು ಕಿವಿಯ ಅತಿಸೂಕ್ಷ್ಮತೆ. ಅದರ ಚಿಕಿತ್ಸೆಯೇ ಬೇರೆ. ಊಟದ ಚಪ್ಪರಿಕೆಯಂಥ ಸದ್ದಿಗೆ ಸಿಟ್ಟು ನೆತ್ತಿಗೇರುವುದೂ ಬೇರೆ. ಇವರಿಗೆ ಎರಡೂ ಇರಲಿಲ್ಲ. ಆದರೆ ದಿನವಿಡೀ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಿದ್ದರು. ಅದನ್ನು ಮೊದಲ ವಾರವೇ ಬಿಡಿಸಿದೆವು. ವಾರಗಟ್ಟಲೆ ಕಿವಿ ಮುಚ್ಚಿಟ್ಟರೆ ಒಳಗಿನ ನರವ್ಯೂಹ ತನ್ನ ವಾಲ್ಯೂಮನ್ನು ತಾನೇ ಏರಿಸಿಕೊಳ್ಳುತ್ತದೆ, ತೆಗೆದ ಮೇಲೆ ಎಲ್ಲವೂ ಇನ್ನಷ್ಟು ಜೋರಾಗಿ ಕೇಳಿಸುತ್ತದೆ.

ಎರಡನೆಯದು ಕುಕ್ಕರ್ ರಿಪೇರಿ. ನಿಜವಾಗಿಯೂ ಅಪಾಯಕಾರಿಯಾದ ಪಾತ್ರೆಯ ಮುಂದೆ ಒಬ್ಬರನ್ನು ನಿಲ್ಲಿಸಿ ಧೈರ್ಯ ತಂದುಕೊಳ್ಳಿ ಅನ್ನುವುದು ಚಿಕಿತ್ಸೆಯಲ್ಲ, ಬೇಜವಾಬ್ದಾರಿ. ಐಎಸ್ 2347 (ಪ್ರೆಷರ್ ಕುಕ್ಕರಿನ ಭಾರತೀಯ ಮಾನಕ) ಗುರುತಿನ ಐದು ಲೀಟರಿನ ಹೊಸ ಕುಕ್ಕರ್ ತರಿಸಿದೆವು. ಗ್ಯಾಸ್ಕೆಟ್ಟೂ ಸೇಫ್ಟಿ ವಾಲ್ವೂ ಅದೇ ಕಂಪನಿಯವು. ಪ್ರತಿ ಸಲ ಮುಚ್ಚುವ ಮುಂಚೆ ಕೊಳವೆಯನ್ನು ಬೆಳಕಿಗೆ ಹಿಡಿದು ಆಚೆ ಬದಿ ಕಾಣುತ್ತದೆಯೇ ನೋಡುವುದು, ಬೇಳೆಯಾದರೆ ನೀರೂ ಸೇರಿ ಅರ್ಧಕ್ಕಿಂತ ಮೇಲೆ ತುಂಬದಿರುವುದು, ನೊರೆ ತಗ್ಗಲು ಒಂದು ಚಮಚ ಎಣ್ಣೆ, ವಿಷಲ್ ತಾನಾಗಿ ಸಡಿಲವಾಗುವವರೆಗೆ ಮುಚ್ಚಳ ಮುಟ್ಟದಿರುವುದು. ವಿಷಲ್ ಎತ್ತುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ, ಒಳಗಿನ ನೀರು 120 ಡಿಗ್ರಿ ಆಸುಪಾಸು ಎಂದೂ ತಿಳಿಸಿದೆವು. ಬುಸ್ ಎನ್ನುವುದು ಆ ಒತ್ತಡ ಏರುತ್ತಿರುವ ಸದ್ದು, ಅಷ್ಟೇ. ತಿಳಿದದ್ದರಿಂದ ಅಂಜಿಕೆ ಒಂದು ಗುಲಗಂಜಿಯೂ ಇಳಿಯಲಿಲ್ಲ. ಇಳಿಯುತ್ತದೆಂದು ನಾವು ನಿರೀಕ್ಷಿಸಿರಲೂ ಇಲ್ಲ; ಒಳದಾರಿಗೆ ಭಾಷಣ ಕೇಳಿಸುವುದಿಲ್ಲ.

ಅಂಜಿಕೆಯನ್ನು ಅಳೆಯಲು ಸೊನ್ನೆಯಿಂದ ನೂರರ ಅಳತೆ ಮನೋವೈದ್ಯ ಜೋಸೆಫ್ ವೋಲ್ಪೆ ಕಾಲದಿಂದಲೂ ಇದೆ. ಅಂಕಿ ಹೇಳಲು ಅವರು ಮುಜುಗರಪಟ್ಟರು. ಕೊನೆಗೆ ಗ್ಯಾಸಿನ ಗುಬುಟಿಯ ಲೆಕ್ಕವೇ ನಿಗದಿಯಾಯಿತು: ಸಿಮ್, ಅರ್ಧ, ಮುಕ್ಕಾಲು, ಫುಲ್. ಸೀಟಿ ಸಿಮ್. ದೋಸೆ ಕಲ್ಲು ಅರ್ಧ. ಬೇರೆಯವರು ಇಟ್ಟ ಕುಕ್ಕರಿನ ಬುಸ್ ಮುಕ್ಕಾಲು. ತಾವೇ ಇಟ್ಟು, ಒಬ್ಬರೇ ನಿಂತಾಗಿನ ಬುಸ್ ಫುಲ್. ಸಣ್ಣ ಅಂಜಿಕೆಯಿಂದ ದೊಡ್ಡದಕ್ಕೆ ಹತ್ತುವ ಮೆಟ್ಟಿಲುಗಳು ಅಲ್ಲೇ ಸಿದ್ಧವಾದವು.

ರೆಕಾರ್ಡಿಂಗಿನಲ್ಲಿ ಎಡವಿದ್ದು ಹೇಳಲೇಬೇಕು. ಫೋನಿನಲ್ಲಿ ಕುಕ್ಕರ್ ಸದ್ದು ಹಿಡಿದು ಕೇಳಿಸಿದರೆ ಬುಸ್ ಇರಲೇ ಇಲ್ಲ, ಬರೀ ಸೀಟಿ. ಮಾತಿಗಾಗಿ ಮಾಡಿದ ಆ್ಯಪ್‌ಗಳು ಒಂದೇ ಸಮನೆ ಬರುವ ಆವಿಯ ಸದ್ದನ್ನು ಗದ್ದಲವೆಂದು ತಿಳಿದು ಅಳಿಸಿಬಿಡುತ್ತವೆ. ಜೊತೆಗೆ ಸಣ್ಣ ಸದ್ದನ್ನು ಏರಿಸಿ ದೊಡ್ಡದನ್ನು ತಗ್ಗಿಸುವ ತಾನೇತಾನಾದ ಹೊಂದಾಣಿಕೆ ಬೇರೆ, ಎಲ್ಲವೂ ಚಪ್ಪಟೆ. ಆ ಎರಡನ್ನೂ ಆರಿಸಲು ಬರುವ ರೆಕಾರ್ಡರಿನಲ್ಲಿ ಮತ್ತೆ ಹಿಡಿದು, ಫೋನಿನ ಪುಟ್ಟ ಸ್ಪೀಕರ್ ಬಿಟ್ಟು ದೊಡ್ಡ ಸ್ಪೀಕರಿನಲ್ಲಿ, ಮೂರು ಮೀಟರ್ ದೂರದಿಂದ ಕೇಳಿಸಿದೆವು. ಬುಸ್ ಶುರುವಾಗಿ ಸೀಟಿ ಬರುವ ನಡುವಿನ ಹೊತ್ತನ್ನು ಒಮ್ಮೆ 20 ಸೆಕೆಂಡು, ಒಮ್ಮೆ 70, ಒಮ್ಮೆ 45 ಎಂದು ಏರುಪೇರು ಮಾಡಿದ್ದು ಬೇಕೆಂದೇ. ಒಂದೇ ಅಳತೆ ಇದ್ದರೆ ಎಣಿಸುತ್ತಾ ಕೂರುತ್ತಾರೆ, ಎಣಿಕೆ ಮುಗಿದರೆ ಪಾರಾದೆವೆಂದುಕೊಳ್ಳುತ್ತಾರೆ. ಕೆಲವು ಸಲ ಸೀಟಿಯೇ ಬರದಂತೆ ಬುಸ್ ಅನ್ನು ಮೆಲ್ಲಗೆ ಆರಿಸಿದೆವು. ಅವರ ಜೀವ ಹಿಂಡುತ್ತಿದ್ದದ್ದು ಅದೇ.

ವಾರಕ್ಕೆ ಎರಡು ಸಲ, ಒಂದು ಸಲಕ್ಕೆ 50 ನಿಮಿಷ, ಬೆಳಗಿನ ಹೊತ್ತು. ಪ್ರತಿ ಸಲ ಮೊದಲು ಚೀಟಿಯಲ್ಲಿ ಬರೆಯಬೇಕು: ಏನಾಗುತ್ತದೆ, ಎಷ್ಟು ಹೊತ್ತಿನಲ್ಲಿ, ನೂರಕ್ಕೆ ಎಷ್ಟು ಖಾತ್ರಿ. ಒಂದು ಚೀಟಿಯಲ್ಲಿ "ಎರಡು ನಿಮಿಷದಾಗ ಮುಚ್ಚಳ ಹಾರ್ತತಿ, ನೂರಕ್ಕೆ 80" ಎಂದಿತ್ತು. ಆಮೇಲೆ ಕಾಯುವುದು. ಹಳೆಯ ಪದ್ಧತಿಯಲ್ಲಿ ಅಂಜಿಕೆ ಅರ್ಧಕ್ಕಿಳಿಯುವವರೆಗೆ ಬಿಡುತ್ತಿರಲಿಲ್ಲ. ಮನೋವಿಜ್ಞಾನಿ ಮಿಷೆಲ್ ಕ್ರಾಸ್ಕೆ ಮತ್ತು ಜೊತೆಗಾರರು ತೋರಿಸಿದ ದಾರಿಯಲ್ಲಿ ಮುಖ್ಯವಾದದ್ದು ಅಂದುಕೊಂಡದ್ದಕ್ಕೂ ಆದದ್ದಕ್ಕೂ ಇರುವ ಅಂತರ. ಅಂತರ ದೊಡ್ಡದಾದಷ್ಟೂ ಕಲಿಕೆ ಗಟ್ಟಿ. ಬೆವರುತ್ತಲೇ ಮುಗಿಸಿದರೂ ಅಡ್ಡಿಯಿಲ್ಲ. ನಮಗೂ ಇದೇ ಸರಿ ಕಾಣುತ್ತದೆ: ದಿನದ ಕೊನೆಗೆ ಅಂಜಿಕೆ ಎಷ್ಟಿಳಿಯಿತು ಎಂಬುದನ್ನು ನಂಬಿ ಕೂತರೆ ಮುಂದಿನ ವಾರ ಏನಾಗುತ್ತದೆ ಹೇಳಲು ಬರುವುದಿಲ್ಲ.

ಆತಂಕಕ್ಕೆಂದು ಹಿಂದೆ ಬರೆದುಕೊಟ್ಟ ನಿದ್ದೆ ಬರಿಸುವ ಗುಂಪಿನ ಮಾತ್ರೆ ಅವರ ಬಳಿ ಇತ್ತು. ಅದನ್ನು ನುಂಗಿ ಬಂದ ದಿನದ ಕಲಿಕೆ ಮಾತ್ರೆಗೇ ಅಂಟಿಕೊಳ್ಳುತ್ತದೆ. ಮಾತ್ರೆಯಿಲ್ಲದ ದಿನ ಮತ್ತೆ ಮೊದಲಿಂದ. ಬರೆದುಕೊಟ್ಟ ವೈದ್ಯರನ್ನೇ ಕೇಳಿ, ಅವರು ಹೇಳಿದಂತೆ ಹಂತಹಂತವಾಗಿ ತಗ್ಗಿಸಿದ ಮೇಲೆಯೇ ನಿಜವಾದ ಕುಕ್ಕರಿಗೆ ಕೈ ಹಾಕಿದ್ದು. ಇಂಥ ಮಾತ್ರೆಯನ್ನು ಯಾರೂ ತಾವಾಗಿ ಏಕಾಏಕಿ ನಿಲ್ಲಿಸಬಾರದು.

ನಡುವಿನ ಮೆಟ್ಟಿಲುಗಳು ಬೇಗ ಹೇಳಿ ಮುಗಿಯುವಂಥವು. ಒಲೆ ಹಚ್ಚದ ತಣ್ಣನೆಯ ಕುಕ್ಕರನ್ನು ಮುಚ್ಚಿ ತೆಗೆಯುವುದು, 20 ಸಲ. ದೋಸೆ ಅಂಗಡಿಯಲ್ಲಿ ಕಲ್ಲಿನ ಹತ್ತಿರದ ಬೆಂಚು, ಮೂರು ಬೆಳಗು. ಕಲ್ಲಿನ ಕಡೆ ಮುಖ ಮಾಡಿ ಕೂರಬೇಕೆಂಬುದೊಂದೇ ಷರತ್ತು. ಮೂರನೆಯ ದಿನ ಎರಡು ಬೆಣ್ಣೆದೋಸೆ ತಿಂದರು, ಸಿಮ್ ಎಂದರು. ಆಮೇಲೆ ಕುಕ್ಕರಿಗೆ ಬರೀ ಎರಡು ಲೋಟ ನೀರು, ಫುಲ್ ಉರಿ, ಎರಡು ಸೀಟಿ. ಅವರು ಬಾಗಿಲ ಬಳಿ. ಬೇಳೆಯಿಲ್ಲದೆ ನೊರೆ ಬರುವುದಿಲ್ಲ, ಕೊಳವೆ ಕಟ್ಟಿಕೊಳ್ಳುವುದಿಲ್ಲ. ಎರಡೇ ಸೀಟಿಗೆ ನಿಲ್ಲಿಸಿದ್ದೂ ನೀರು ಪೂರ್ತಿ ಇಂಗಿ ತಳ ಹಿಡಿಯಬಾರದೆಂದು. ಮತ್ತೆ ಒಂದು ಮೀಟರ್ ಹತ್ತಿರ. ನಂತರ ಅನ್ನ, ನಂತರ ಬೇಳೆ.

ನಾಲ್ಕನೇ ವಾರ ಸಿಕ್ಕಿಹಾಕಿಕೊಂಡೆವು. ನಮ್ಮೆದುರು ಅರ್ಧಕ್ಕಿಳಿದಿದ್ದ ಅಂಜಿಕೆ ಅವರೊಬ್ಬರೇ ಇದ್ದಾಗ ಫುಲ್. ಎರಡು ಸಲ ಸುಮ್ಮನೆ ನೋಡಿದೆವು. ಬುಸ್ ಶುರುವಾದೊಡನೆ ಅವರ ಎಡಗೈ ಗ್ಯಾಸಿನ ಗುಬುಟಿಯ ಮೇಲೆ ಹೋಗುತ್ತಿತ್ತು, ತಿರುಗಿಸುತ್ತಿರಲಿಲ್ಲ, ಹಿಡಿದಿರುತ್ತಿದ್ದರು. ಕೇಳಿದರೆ, "ಗುಬುಟಿ ಹಿಡ್ಕಂಡಿದ್ದೆ, ಅದಕ್ಕೇ ಏನೂ ಆಗ್ಲಿಲ್ರಿ." ಅಂದರೆ ಎಂಟು ಸಲ ಮುಚ್ಚಳ ಹಾರದೆ ಉಳಿದ ಕೀರ್ತಿಯೆಲ್ಲ ಆ ಕೈಗೆ ಹೋಗಿತ್ತು. ಕುಕ್ಕರ್ ಸುರಕ್ಷಿತ ಎಂಬ ಪಾಠ ಮಿದುಳಿಗೆ ತಲುಪಿರಲೇ ಇಲ್ಲ. ಮೂರು ಸೀಟಿಯ ಬದಲು ಎರಡಕ್ಕೇ ಆರಿಸುವುದು, ಮುಚ್ಚಳದ ಮೇಲೆ ಒದ್ದೆ ಬಟ್ಟೆ, ಒಲೆ ಹಚ್ಚಿ "ಅತ್ತೀ, ಸ್ವಲ್ಪ ನೋಡ್ರಿ" ಎಂದು ಹೊರಗೆ ಬಂದುಬಿಡುವುದು, ಎಲ್ಲವೂ ಇದೇ ಜಾತಿ. ಅತ್ತೆಯವರನ್ನು ಕೂರಿಸಿಕೊಂಡು ಮಾತಾಡಿದೆವು. ಸೊಸೆಯ ಮೇಲಿನ ಮರುಕದಿಂದ ಅವರು ಏಳು ತಿಂಗಳು ಒಲೆ ಕಾಯ್ದಿದ್ದರು, ಆ ಮರುಕವೇ ಅಂಜಿಕೆಗೆ ಗೊಬ್ಬರವಾಗಿತ್ತು. ಮುಂದಿನ ಸಲದಿಂದ ಎರಡೂ ಕೈಯಲ್ಲಿ ಸೊಪ್ಪು ಸೋಸುವ ಕೆಲಸ. ಮೊದಲ ದಿನ ಕಷ್ಟವಾಯಿತು, ಅರ್ಧ ಮೆಂತ್ಯ ನೆಲಕ್ಕೆ ಬಿತ್ತು. ಆದರೆ ಇಳಿಕೆ ಅಲ್ಲಿಂದಲೇ ಶುರು.

ಏಳನೇ ವಾರದ ಹೊತ್ತಿಗೆ ಸ್ವಂತ ಅಡುಗೆಮನೆಯಲ್ಲಿ, ಒಬ್ಬರೇ, ಬೇಳೆ ಕುಕ್ಕರ್, ಸಿಮ್. ಮನೆಯವರಿಗೆ ವಾಸಿಯಾಯಿತೆಂದು ಸಂತೋಷ. ನಾವು ಚಿತ್ರದುರ್ಗದ ತವರಿಗೆ ಎರಡು ದಿನ ಹೋಗಿಬನ್ನಿ, ಅಲ್ಲಿ ನೀವೇ ಸಾರು ಮಾಡಿ ಎಂದೆವು. ಮೊದಲ ಸಂಜೆಯೇ ಫೋನು. "ಎಲ್ಲಾ ಹಾಳಾತ್ರಿ ಮೇಡಂ. ಫುಲ್ಲಿಗೆ ಹೋತು. ಹಿತ್ತಲಿಗೆ ಓಡಿಬಂದೆ."

ಹಾಳಾಗಿರಲಿಲ್ಲ. ಅಂಜಿಕೆ ಅಳಿಸಿಹೋಗುವುದಿಲ್ಲ, ಅದರ ಮೇಲೆ ಎರಡನೇ ಪಾಠ ಕೂರುತ್ತದೆ. ಹಣೆಯ ಹಿಂದಿನ ಕಾರ್ಟೆಕ್ಸಿನ ಕೆಳಭಾಗ ಅಮಿಗ್ಡಲದ ಹೊರದಾರಿಯನ್ನು ಅದುಮಿ ಹಿಡಿಯುವುದನ್ನು ಕಲಿಯುತ್ತದೆ. ಹಳೆಯ ಗಟ್ಟಿ ಸಿನಾಪ್ಸ್ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ನಾಯಿಗಳಲ್ಲಿ ಆರಿಸಿದ ಪ್ರತಿಕ್ರಿಯೆ ಕೆಲವು ಹೊತ್ತು ಬಿಟ್ಟರೆ ತಾನಾಗಿ ಮರಳುವುದನ್ನು ಪಾವ್ಲೊವ್ ಕಂಡಿದ್ದ. 1970ರ ದಶಕದ ಕೊನೆಯಿಂದ ಮನೋವಿಜ್ಞಾನಿ ಮಾರ್ಕ್ ಬೂಟನ್ ಇಲಿಗಳಲ್ಲಿ ತೋರಿಸಿದ್ದು ಇನ್ನೂ ಉಪಯೋಗದ್ದು: ಅಂಜಿಕೆಯ ಪಾಠ ಎಲ್ಲ ಜಾಗಕ್ಕೂ ಸಲೀಸಾಗಿ ಹೋಗುತ್ತದೆ, ಅಂಜಬೇಡವೆಂಬ ಪಾಠ ಕಲಿತ ಪಂಜರಕ್ಕೇ ಕಟ್ಟಿಕೊಂಡಿರುತ್ತದೆ. ಇದು ಯಾವ ಜಾಗ ಎಂದು ಹೇಳುವುದು ಹಿಪೊಕ್ಯಾಂಪಸ್. ಹೊಸ ಜಾಗವೆಂದರೆ ಅದುಮಿದ ಕೈ ಸಡಿಲಾಗುತ್ತದೆ. ತವರಿನ ಅಡುಗೆಮನೆ ಚಿಕ್ಕದು, ಕಲ್ಲಿನ ಗೋಡೆ, ಸದ್ದು ಮಾರ್ದನಿಸುತ್ತದೆ. ಕುಕ್ಕರೂ ಬೇರೆ. ಅವರ ಮಿದುಳಿನ ಲೆಕ್ಕದಲ್ಲಿ ಸುರಕ್ಷಿತವಾಗಿದ್ದದ್ದು ದಾವಣಗೆರೆಯ ಆ ಒಂದು ಒಲೆ ಮಾತ್ರ. ಕೆಟ್ಟ ನೆನಪನ್ನು ಒಂದೇ ಭೇಟಿಯಲ್ಲಿ ಅಳಿಸಿಕೊಡುತ್ತೇವೆ ಎನ್ನುವವರ ಜಾಹೀರಾತು ಕಂಡರೆ ಈ ಚಿತ್ರದುರ್ಗದ ಅಡುಗೆಮನೆಯಲ್ಲೊಮ್ಮೆ ಪರೀಕ್ಷೆ ಕೊಡಿ ಎನ್ನಬೇಕೆನಿಸುತ್ತದೆ.

ಮರುದಿನ ಬೆಳಿಗ್ಗೆ ಅದೇ ತವರಿನಲ್ಲಿ ನೀರಿನ ಕುಕ್ಕರಿನಿಂದ ಮತ್ತೆ ಹತ್ತಿಸಿದೆವು, ಫೋನಿನಲ್ಲೇ. ಮೊದಲು ಕೊಳವೆ ನೋಡಿಸಿದೆವು, ಗ್ಯಾಸ್ಕೆಟ್ ಬಿರುಕು ಬಿಟ್ಟಿತ್ತು, ಬದಲಿಸಿದರು. ದಾವಣಗೆರೆಯಲ್ಲಿ ಐದು ವಾರ ಹಿಡಿದ ಮೆಟ್ಟಿಲುಗಳು ಅಲ್ಲಿ ಒಂದೂವರೆ ದಿನಕ್ಕೆ ಮುಗಿದವು. ಎರಡನೇ ಸಲ ಬೇಗವಾಗುವುದೇ ಪಾಠ ಒಳಗಿದೆ ಎಂಬುದಕ್ಕೆ ಗುರುತು. ನಂತರದ ಎರಡು ವಾರ ಬೇಕೆಂದೇ ಜಾಗ ಬದಲಿಸಿದೆವು: ನಾದಿನಿಯ ಮನೆ, ಪಕ್ಕದ ಮನೆ, ಮೆಸ್ಸಿನ ಹಿಂಭಾಗದ ಶೆಡ್ಡು. ರಾತ್ರಿ ಒಮ್ಮೆ, ಕರೆಂಟು ಹೋದಾಗ ಒಮ್ಮೆ, ಹೊಟ್ಟೆ ಹಸಿದಾಗ ಒಮ್ಮೆ. ಕೊನೆಗೆ ಅದೇ ಹನ್ನೆರಡು ಲೀಟರಿನ ಅಳತೆಯ ಹೊಸ ಕುಕ್ಕರು. ಹತ್ತನೇ ವಾರ ಏನೂ ಮಾಡಲಿಲ್ಲ, ಸುಮ್ಮನೆ ಬಿಟ್ಟೆವು. ಹನ್ನೊಂದರಲ್ಲಿ ನೋಡಿದರೆ ಸಿಮ್‌ನಿಂದ ಅರ್ಧಕ್ಕೆ ಮರಳಿತ್ತು, ಪಾವ್ಲೊವ್ ಕಂಡದ್ದೇ. ಮೂರು ಕುಕ್ಕರಿಗೆ ಮತ್ತೆ ಕೆಳಗಿಳಿಯಿತು. ಆಮೇಲೆ ತಿಂಗಳಿಗೊಂದು ಫೋನು ಸಾಕಾಯಿತು.

ಅದು ದುಗ್ಗಮ್ಮನ ಜಾತ್ರೆಯ ವರ್ಷ. ಮನೆ ತುಂಬ ನೆಂಟರು, ಒಟ್ಟಿಗೆ ಮೂರು ಕುಕ್ಕರ್, ಒಂದರಲ್ಲಿ ಆರೇಳು ಸೀಟಿ ಬೇಡುವ ಮಟನ್. ಜಾತ್ರೆ ಮುಗಿದ ಮೇಲೆ ಅವರೇ ಫೋನ್ ಮಾಡಿ ವರದಿ ಕೊಟ್ಟರು. ಎರಡು ಕುಕ್ಕರ್ ಕೂಗಿದವು. ಮೂರನೆಯದು, ಬೇಳೆಯದು, ಬುಸ್ ಅನ್ನುತ್ತಲೇ ಇತ್ತು, ಸೀಟಿ ಇಲ್ಲ.

"ಗ್ಯಾಸ್ ಆರ್ಸಿದೆ ರೀ. ಆರಿ ತಣ್ಣಗಾಗ್ಲಿ ಅಂತ ಬಿಟ್ಟು ಪಲ್ಯ ಮಾಡ್ಕಂಡೆ. ಆಮೇಲೆ ನೋಡಿದ್ರ ಕೊಳವಿಯಾಗ ಸಿಪ್ಪಿ ಕುಂತಿತ್ತು. ಪಿನ್ ಹಾಕಿ ತೆಗ್ದು, ಮತ್ತೆ ಇಟ್ಟೆ."

ಎಷ್ಟಿತ್ತು, ಸಿಮ್ಮೋ ಫುಲ್ಲೋ ಎಂದು ಕೇಳಿದೆವು.

"ಅದನ್ನ ನೋಡಾಕ ಪುರುಸೊತ್ತು ಎಲ್ಲಿತ್ರಿ ಮೇಡಂ, ನಲವತ್ತು ಎಲೆ ಹಾಕಿದ್ವಿ."